ಸಂಬಳದ ಚೀಟಿಯಲ್ಲಿ ಕಾಣದ ಲೆಕ್ಕ: ಫ್ರೀಲ್ಯಾನ್ಸ್ ಕೆಲಸ ಆರಂಭಿಸುವವರಿಗೆ

ನೌಕರಿ ಬಿಟ್ಟು ಫ್ರೀಲ್ಯಾನ್ಸ್ ಕೆಲಸಕ್ಕೆ ಇಳಿಯಬೇಕೆಂದಿರುವವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಕೆಲಸ ಎಲ್ಲಿ ಸಿಗುತ್ತದೆ? ಪ್ರಶ್ನೆ ಸಹಜವಾದದ್ದೇ. ಆದರೆ ಈ ದಾರಿಯಲ್ಲಿ ಒಂದೆರಡು ವರ್ಷ ನಡೆದು ಮತ್ತೆ ನೌಕರಿಗೆ ಮರಳಿದವರನ್ನು ಮಾತನಾಡಿಸಿದಾಗ, ಕೆಲಸ ಸಿಗಲಿಲ್ಲ ಎಂದವರಿಗಿಂತ ಕೈತುಂಬ ಕೆಲಸವಿದ್ದೂ ದುಡ್ಡು ನಿಲ್ಲಲಿಲ್ಲ ಎಂದವರೇ ನನಗೆ ಹೆಚ್ಚಾಗಿ ಸಿಕ್ಕಿದ್ದಾರೆ. ಅವರಲ್ಲಿ ಬಹುತೇಕರು ತಮ್ಮ ಕಸುಬಿನಲ್ಲಿ ಪಳಗಿದವರು. ಅವರಿಗೆ ಕೈಕೊಟ್ಟದ್ದು ಲೆಕ್ಕ.

ಸಂಬಳದ ಚೀಟಿ ಬಹಳ ಸರಳವಾದ ಕಾಗದ. ತಿಂಗಳ ಕೊನೆಗೆ ಇಷ್ಟು ಹಣ ಎಂದು ಅದು ಹೇಳುತ್ತದೆ. ಆ ಹಣದ ಹಿಂದಿರುವ ಸಂಗತಿಗಳನ್ನು ಹೇಳುವುದಿಲ್ಲ. ಕೂರುವ ಕುರ್ಚಿ, ಕಂಪ್ಯೂಟರ್, ಸಾಫ್ಟ್‌ವೇರ್‌ನ ಪರವಾನಗಿ, ಜ್ವರ ಬಂದು ಮಲಗಿದ ದಿನದ ಸಂಬಳ, ಸಭೆಯಲ್ಲಿ ಕಳೆದುಹೋದ ಮಧ್ಯಾಹ್ನ, ಗ್ರಾಹಕರು ಮೂರು ತಿಂಗಳು ತಡವಾಗಿ ಹಣ ಕೊಟ್ಟರೂ ನಮ್ಮ ಖಾತೆಗೆ ಮಾತ್ರ ತಾರೀಖಿಗೆ ಸರಿಯಾಗಿ ಬಂದು ಬೀಳುತ್ತಿದ್ದ ಮೊತ್ತ, ಇವೆಲ್ಲವನ್ನೂ ಸಂಸ್ಥೆ ತನ್ನ ಹೆಗಲ ಮೇಲೆ ಹೊತ್ತಿರುತ್ತದೆ. ಫ್ರೀಲ್ಯಾನ್ಸರ್ ಆದ ದಿನವೇ ಆ ಹೊರೆ ನಮ್ಮ ಹೆಗಲಿಗೆ ಬರುತ್ತದೆ. ಚೀಟಿಯಲ್ಲಿ ಕಾಣದಿದ್ದ ಆ ಬಾಬ್ತುಗಳನ್ನು ಒಂದೊಂದಾಗಿ ಹೊರತೆಗೆದು, ದರದಲ್ಲಿ, ಕರಾರಿನಲ್ಲಿ, ಬಿಲ್ಲಿನಲ್ಲಿ ಅವನ್ನು ಎಲ್ಲೆಲ್ಲಿ ಸೇರಿಸಬೇಕೆಂದು ವಿವರಿಸುವುದು ಈ ಲೇಖನದ ಉದ್ದೇಶ.

ದಿನದ ದರ ಎಲ್ಲಿಂದ ಬರುತ್ತದೆ

ಹೊಸಬರು ದರ ನಿಗದಿ ಮಾಡುವ ರೀತಿಯನ್ನು ಮೊದಲು ನೋಡೋಣ. ಯಾವುದೇ ದೇಶದ ನಾಣ್ಯಕ್ಕೂ ಹೊಂದುವಂತೆ, ತಿಂಗಳಿಗೆ ಮನೆಗೆ ಬೇಕಾದ ಮೊತ್ತವನ್ನು 100 ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ 1200 ಆಯಿತು. ವರ್ಷದ 365 ದಿನಗಳಲ್ಲಿ ವಾರಾಂತ್ಯದ 104 ದಿನಗಳನ್ನು ಕಳೆದರೆ 261 ದಿನ ಉಳಿಯುತ್ತವೆ. 1200ನ್ನು 261ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 4.6 ಬರುತ್ತದೆ. ನೌಕರಿಯಲ್ಲಿದ್ದಾಗ ಬರುತ್ತಿದ್ದದ್ದೇ ಅಷ್ಟು. ಅದಕ್ಕೆ ಸ್ವಲ್ಪ ಸೇರಿಸಿ 5 ಎಂದು ಹೇಳಿದರೆ ಲಾಭವೇ ಅಲ್ಲವೇ ಎಂದು ಅನ್ನಿಸುತ್ತದೆ. ಈ 5 ಎಂಬ ಸಂಖ್ಯೆಯೇ ಮುಂದಿನ ಎರಡು ವರ್ಷಗಳ ಸಂಕಟದ ಮೂಲ.

ಈಗ ಅದೇ ಲೆಕ್ಕವನ್ನು ಬಿಟ್ಟುಹೋದ ಬಾಬ್ತುಗಳೊಂದಿಗೆ ಹಾಕೋಣ. ಮನೆಗೆ ಬೇಕಾದ 1200ರ ಜೊತೆಗೆ, ವೃದ್ಧಾಪ್ಯಕ್ಕೆಂದು ಸಂಸ್ಥೆ ತುಂಬುತ್ತಿದ್ದ ಪಾಲನ್ನೂ ಕೆಲಸವಿಲ್ಲದ ತಿಂಗಳುಗಳಿಗಾಗಿ ತೆಗೆದಿಡಬೇಕಾದ ಮೊತ್ತವನ್ನೂ ಒಟ್ಟುಗೂಡಿಸಿ ತಿಂಗಳಿಗೆ 20ರಂತೆ 240 ಎಂದುಕೊಳ್ಳೋಣ. ಅಲ್ಲಿಗೆ ತೆರಿಗೆ ಕಟ್ಟಿದ ಮೇಲೆ ಕೈಯಲ್ಲಿ ಉಳಿಯಬೇಕಾದದ್ದು 1440. ಲಾಭದ ಮೇಲೆ 20 ಪ್ರತಿಶತ ತೆರಿಗೆ ಎಂದು ಭಾವಿಸಿದರೆ, 1440 ಉಳಿಯಲು ಲಾಭ 1800 ಇರಬೇಕು. ಇದರ ಮೇಲೆ ಸಾಫ್ಟ್‌ವೇರ್, ಇಂಟರ್ನೆಟ್, ನಾಲ್ಕೈದು ವರ್ಷಕ್ಕೊಮ್ಮೆ ಬದಲಿಸಬೇಕಾದ ಕಂಪ್ಯೂಟರ್, ವಿಮೆ, ಲೆಕ್ಕಪತ್ರ ನೋಡುವವರ ಶುಲ್ಕ ಮೊದಲಾದ ವೃತ್ತಿಯ ಖರ್ಚು ತಿಂಗಳಿಗೆ 15ರಂತೆ 180. ಹೀಗೆ ವರ್ಷಕ್ಕೆ ಒಟ್ಟು ಬಿಲ್ ಆಗಬೇಕಾದ ಮೊತ್ತ 1980.

ಇನ್ನು ದಿನಗಳ ಕಡೆಗೆ ಬರೋಣ. 261ರಲ್ಲಿ ಹಬ್ಬದ ರಜೆ 12, ನಮ್ಮದೇ ರಜೆ 12, ಕಾಯಿಲೆಗೆ 7 ದಿನ ಎಂದು ಕಳೆದರೆ ಉಳಿಯುವುದು 230. ಈ 230 ದಿನಗಳಲ್ಲೂ ಪೂರ್ತಿ ದಿನ ಬಿಲ್ ಆಗುವ ಕೆಲಸ ಇರುವುದಿಲ್ಲ. ಕೊಟೇಷನ್ ಬರೆಯುವುದು, ಬಾರದೇ ಹೋಗುವ ಕೆಲಸಗಳಿಗಾಗಿ ಮಾತುಕತೆ ನಡೆಸುವುದು, ಬಿಲ್ ಕಳುಹಿಸುವುದು, ಬಾಕಿ ಕೇಳುವುದು, ಹೊಸದನ್ನು ಕಲಿಯುವುದು, ಕೆಟ್ಟ ಕಂಪ್ಯೂಟರ್ ರಿಪೇರಿ ಮಾಡಿಸುವುದು, ಇವು ಯಾವುವಕ್ಕೂ ಯಾರೂ ಹಣ ಕೊಡುವುದಿಲ್ಲ. ಬಿಲ್ ಆಗುವ ಪಾಲು 60 ಪ್ರತಿಶತ ಎಂದು ಇಟ್ಟುಕೊಂಡರೆ, ಅದೂ ಆರಂಭದ ವರ್ಷಕ್ಕೆ ಉದಾರವಾದ ಅಂದಾಜೇ, 138 ದಿನಗಳಾಗುತ್ತವೆ. 1980ನ್ನು 138ರಿಂದ ಭಾಗಿಸಿದರೆ ದಿನದ ದರ 14.35.

4.6 ಎಲ್ಲಿ, 14.35 ಎಲ್ಲಿ? ಮೂರು ಪಟ್ಟಿಗಿಂತಲೂ ಹೆಚ್ಚು. ಇದರಲ್ಲಿ ದುರಾಸೆ ಎಲ್ಲಿಯೂ ಬೆರೆತಿಲ್ಲ. ನೌಕರಿಯಲ್ಲಿದ್ದ ಬದುಕನ್ನೇ ಹಾಗೆಯೇ ಮುಂದುವರಿಸಲು ಬೇಕಾದ ದರ ಇದು. ಫ್ರೀಲ್ಯಾನ್ಸರ್‌ಗಳ ದರ ವಿಪರೀತ ಎಂದು ಸಂಬಳದವರಿಗೆ ಅನ್ನಿಸುವುದೂ, ಅದೇ ದರದಲ್ಲಿ ದುಡಿಯುವ ಫ್ರೀಲ್ಯಾನ್ಸರ್‌ಗೆ ಹಣ ಸಾಲದಿರುವುದೂ ಏಕಕಾಲಕ್ಕೆ ನಿಜವಾಗಲು ಈ ಅಂತರವೇ ಕಾರಣ. ನನ್ನ ಉದಾಹರಣೆಯ ಸಂಖ್ಯೆಗಳು ನಿಮಗೆ ಹೊಂದಬೇಕೆಂದಿಲ್ಲ. ತೆರಿಗೆಯ ಪ್ರಮಾಣ ದೇಶದಿಂದ ದೇಶಕ್ಕೆ, ಖರ್ಚು ಕಸುಬಿನಿಂದ ಕಸುಬಿಗೆ ಬದಲಾಗುತ್ತದೆ. ಬರವಣಿಗೆಯವರಿಗೆ ಒಂದು ಲ್ಯಾಪ್‌ಟಾಪ್ ಸಾಕು, ವಿಡಿಯೊ ಚಿತ್ರೀಕರಣದವರಿಗೆ ಕ್ಯಾಮೆರಾ, ಲೆನ್ಸು, ದೀಪಗಳ ಬಂಡವಾಳವೇ ದೊಡ್ಡದು. ಆದರೆ ಭಾಗಾಕಾರದ ಸ್ವರೂಪ ಎಲ್ಲರಿಗೂ ಒಂದೇ: ಮೇಲೆ ವರ್ಷದ ನಿಜವಾದ ಅಗತ್ಯ, ಕೆಳಗೆ ನಿಜವಾಗಿ ಬಿಲ್ ಆಗುವ ದಿನಗಳು.

ಹೀಗೆ ಬಂದದ್ದು ತಳದ ದರ. ಮಾರುಕಟ್ಟೆ ಇದಕ್ಕಿಂತ ಹೆಚ್ಚು ಕೊಡುವ ಸ್ಥಿತಿಯಲ್ಲಿದ್ದರೆ ಹೆಚ್ಚೇ ಕೇಳಬೇಕು. ಮಾರುಕಟ್ಟೆ ಇಷ್ಟನ್ನೂ ಕೊಡಲಾರದು ಎಂದಾದರೆ, ಆ ಸತ್ಯ ನೌಕರಿಗೆ ರಾಜೀನಾಮೆ ಕೊಡುವ ಮೊದಲೇ ತಿಳಿಯುವುದು ಒಳ್ಳೆಯದು.

ಗಂಟೆಗೋ, ಕೆಲಸಕ್ಕೋ

ದರ ಗೊತ್ತಾದ ಮೇಲೆ ಅದನ್ನು ಗ್ರಾಹಕರ ಮುಂದೆ ಯಾವ ರೂಪದಲ್ಲಿ ಇಡಬೇಕೆಂಬ ಪ್ರಶ್ನೆ ಬರುತ್ತದೆ. ಗಂಟೆಯ ಲೆಕ್ಕದಲ್ಲಿ ಅಪಾಯ ಕಡಿಮೆ: ಕೆಲಸ ಬೆಳೆದಂತೆ ಬಿಲ್ಲೂ ಬೆಳೆಯುತ್ತದೆ. ಆದರೆ ಅದು ಪಳಗಿದ ಕೈಯನ್ನು ಶಿಕ್ಷಿಸುವ ಪದ್ಧತಿ. ಮೊದಲ ವರ್ಷ 10 ಗಂಟೆ ಹಿಡಿಯುತ್ತಿದ್ದ ಕೆಲಸವನ್ನು ಮೂರನೆಯ ವರ್ಷ 5 ಗಂಟೆಯಲ್ಲಿ ಮುಗಿಸುವಷ್ಟು ನುರಿತಿದ್ದಕ್ಕೆ ಸಿಗುವ ಬಹುಮಾನ ಅರ್ಧ ಸಂಭಾವನೆ. ಇಡೀ ಕೆಲಸಕ್ಕೆ ಇಷ್ಟು ಎಂದು ಒಟ್ಟು ಮೊತ್ತ ಹೇಳಿದರೆ ವೇಗದ ಲಾಭ ನಮಗೇ ಉಳಿಯುತ್ತದೆ. ಆದರೆ ಅಂದಾಜು ತಪ್ಪಿದರೆ ನಷ್ಟವೂ ನಮ್ಮದೇ.

ಅಂದಾಜು ತಪ್ಪುತ್ತದೆ, ಅದೂ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ತಪ್ಪುತ್ತದೆ ಎಂಬುದು ಮನಶ್ಶಾಸ್ತ್ರಜ್ಞರು ದಾಖಲಿಸಿರುವ ಸಂಗತಿ. ಡೇನಿಯಲ್ ಕಾನಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲೇ ಈ ಪ್ರವೃತ್ತಿಗೆ ಹೆಸರು ಕೊಟ್ಟಿದ್ದರು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು, ಪದವಿಯ ಕೊನೆಯ ಹಂತದ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನಗಳಲ್ಲಿ ಮುಗಿಸುವಿರಿ ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟದಾಗಿಯೇ ನಡೆದರೆ ಎಷ್ಟು ಹಿಡಿದೀತು ಎಂದು ಕೇಳಿದಾಗ ಬಂದ ಸರಾಸರಿ ಸುಮಾರು 49. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಗಳಿಗೂ ಹೆಚ್ಚು. ಗಮನಿಸಬೇಕಾದ ಅಂಶವೆಂದರೆ, ಕೆಟ್ಟ ಸನ್ನಿವೇಶವನ್ನು ಊಹಿಸಿಕೊಂಡು ಕೊಟ್ಟ ಅಂದಾಜು ಕೂಡ ವಾಸ್ತವಕ್ಕಿಂತ ಕಡಿಮೆಯಿತ್ತು.

ಇದಕ್ಕೆ ಮದ್ದು ಹೆಚ್ಚು ಎಚ್ಚರದಿಂದ ಊಹಿಸುವುದಲ್ಲ, ಊಹೆಯನ್ನೇ ಬಿಟ್ಟು ದಾಖಲೆಯನ್ನು ನಂಬುವುದು. ಮೊದಲ ದಿನದಿಂದಲೇ, ಒಟ್ಟು ಮೊತ್ತಕ್ಕೆ ಒಪ್ಪಿಕೊಂಡ ಕೆಲಸವಾದರೂ ಸರಿ, ಯಾವ ಕೆಲಸಕ್ಕೆ ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡಬೇಕು. ಒಂದು ನೋಟ್‌ಬುಕ್ ಸಾಕು. ಐದಾರು ಕೆಲಸಗಳಾಗುವ ಹೊತ್ತಿಗೆ, 20 ಪುಟಕ್ಕೆ 3 ದಿನ ಎಂದು ಮನಸ್ಸು ಹೇಳುವಾಗ ನೋಟ್‌ಬುಕ್ 5 ದಿನ ಎನ್ನುವುದು ಕಾಣಿಸತೊಡಗುತ್ತದೆ. ಅಂಥಲ್ಲಿ ನೋಟ್‌ಬುಕ್ಕಿನ ಮಾತನ್ನೇ ಕೊಟೇಷನ್‌ನಲ್ಲಿ ಬರೆಯಬೇಕು. ಅಷ್ಟು ದಾಖಲೆ ಸಿದ್ಧವಾಗುವವರೆಗೆ ಮನಸ್ಸಿಗೆ ಬಂದ ಅಂದಾಜಿಗೆ ಅದರ ಅರ್ಧದಷ್ಟನ್ನು ಸೇರಿಸಿ ಹೇಳುವುದು ಕ್ಷೇಮ.

ಬರಹದಲ್ಲಿರುವ ಕರಾರು

ನಾನು ತಾಂತ್ರಿಕ ಕೈಪಿಡಿಗಳನ್ನು ಬರೆಯುವವನು. ಸ್ವತಂತ್ರನಾದ ಮೇಲೆ ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸದ ಕರಾರು ಒಂದು ಇಮೇಲ್, ಅದರಲ್ಲಿದ್ದದ್ದು ಒಂದೇ ಸಾಲು: 40 ಪುಟಗಳ ಕೈಪಿಡಿ, ತಿದ್ದುಪಡಿ ಸೇರಿ, ಒಟ್ಟು ಇಷ್ಟು. ಆ 'ತಿದ್ದುಪಡಿ ಸೇರಿ' ಎಂಬ ಎರಡು ಪದಗಳನ್ನು ಉತ್ಸಾಹದಲ್ಲಿ ಸೇರಿಸಿದವನೂ ನಾನೇ. ಮೊದಲ ಕರಡು ಕಳುಹಿಸಿದ ಮೇಲೆ ಮಾರಾಟ ವಿಭಾಗದವರು ತಮ್ಮ ತಿದ್ದುಪಡಿ ಕಳುಹಿಸಿದರು. ಅದನ್ನು ಮುಗಿಸಿದ ಮೇಲೆ ಎಂಜಿನಿಯರ್‌ಗಳ ತಿದ್ದುಪಡಿ ಬಂತು, ಅದು ಮಾರಾಟ ವಿಭಾಗದವರ ತಿದ್ದುಪಡಿಯನ್ನು ಅಳಿಸಿ ಮೊದಲಿನ ಮಾತನ್ನೇ ತರುವಂತಿತ್ತು. ಅಷ್ಟರಲ್ಲಿ ಸಾಫ್ಟ್‌ವೇರ್‌ನ ಪರದೆಗಳೇ ಬದಲಾದವು. ಎಲ್ಲ ಚಿತ್ರಗಳನ್ನೂ ಹೊಸದಾಗಿ ತೆಗೆಯಬೇಕಾಯಿತು. ಏಳನೆಯ ಆವೃತ್ತಿ ಒಪ್ಪಿಗೆಯಾಗುವ ಹೊತ್ತಿಗೆ ಮೂರು ವಾರದ ಕೆಲಸ ಒಂಬತ್ತು ವಾರವಾಗಿತ್ತು. ಅವರಲ್ಲಿ ಯಾರೂ ಮೋಸಗಾರರಲ್ಲ. ತಿದ್ದುಪಡಿ ಎಂದರೆ ಏನು, ಯಾರು ಮಾಡುವುದು, ಎಷ್ಟು ಸಲ ಎಂದು ನಾನು ಬರೆಯಲಿಲ್ಲ, ಅವರು ಕೇಳಲಿಲ್ಲ, ಅಷ್ಟೇ.

ಈಗ ಅದೇ ಜಾಗದಲ್ಲಿ ನಾನು ಬರೆಯುವ ಒಕ್ಕಣೆ ಹೀಗಿದೆ: “ಈ ಸಂಭಾವನೆಯಲ್ಲಿ ಒಂದು ಕರಡು ಮತ್ತು ಎರಡು ಸುತ್ತಿನ ತಿದ್ದುಪಡಿಗಳು ಸೇರಿವೆ. ಪ್ರತಿ ಸುತ್ತಿನಲ್ಲೂ ಎಲ್ಲ ವಿಭಾಗಗಳ ಅಭಿಪ್ರಾಯಗಳನ್ನು ಒಟ್ಟುಗೂಡಿಸಿ ನಿಮ್ಮ ಕಡೆಯ ಒಬ್ಬರು ಒಂದೇ ಕಡತದಲ್ಲಿ ಕಳುಹಿಸಬೇಕು. ಕರಡು ತಲುಪಿದ 10 ದಿನಗಳೊಳಗೆ ಅಭಿಪ್ರಾಯ ಬಾರದಿದ್ದರೆ ಅದನ್ನು ಒಪ್ಪಿಗೆ ಎಂದು ಭಾವಿಸಲಾಗುವುದು. ಉತ್ಪನ್ನದಲ್ಲೇ ಬದಲಾವಣೆಯಾಗಿ ಬರೆದದ್ದನ್ನು ಮತ್ತೆ ಬರೆಯಬೇಕಾದರೆ ಅದು ಹೊಸ ಕೆಲಸ. ಅದಕ್ಕೆ ದಿನದ ದರ ಅನ್ವಯಿಸುತ್ತದೆ.” ಇದರಲ್ಲಿ ಕಾನೂನಿನ ಭಾಷೆ ಇಲ್ಲ, ಬೇಕಾಗಿಯೂ ಇಲ್ಲ. ಪ್ರತಿ ವಾಕ್ಯವೂ ಆ ಒಂಬತ್ತು ವಾರಗಳಲ್ಲಿ ನಡೆದ ಒಂದೊಂದು ಸಂಗತಿಗೆ ಉತ್ತರ. ಹತ್ತು ದಿನಗಳ ಮಾತು ಅನೇಕರಿಗೆ ಸಣ್ಣದೆನಿಸಬಹುದು. ಆದರೆ ಒಪ್ಪಿಗೆಯ ಮೇಲೆಯೇ ಬಿಲ್ ನಿಂತಿರುವಾಗ, ಉತ್ತರವೇ ಬಾರದ ಕರಡು ನಮ್ಮ ಹಣವನ್ನು ತಿಂಗಳುಗಟ್ಟಲೆ ಹಿಡಿದಿಡಬಲ್ಲದು.

ಕರಾರಿನಲ್ಲಿ ಇರಬೇಕಾದ ಉಳಿದ ಸಂಗತಿಗಳನ್ನು ಬೇಗ ಹೇಳಿಬಿಡಬಹುದು: ಕೊಡಬೇಕಾದದ್ದು ಏನು ಮತ್ತು ಯಾವ ರೂಪದಲ್ಲಿ, ಯಾವ ತಾರೀಖಿಗೆ, ನಮಗೆ ಅವರಿಂದ ಬೇಕಾದ ಮಾಹಿತಿ ಯಾವಾಗ ಬರಬೇಕು, ಸಂಭಾವನೆಯ ಕಂತುಗಳು, ನಡುವೆ ಕೆಲಸ ನಿಂತುಹೋದರೆ ಅಲ್ಲಿಯವರೆಗಿನದಕ್ಕೆ ಎಷ್ಟು. ಇದರ ಜೊತೆಗೆ, ಯಾವುದು ಸೇರಿಲ್ಲ ಎಂದು ಸ್ಪಷ್ಟವಾಗಿ ಬರೆದ ಒಂದು ಸಾಲು, ಯಾವುದು ಸೇರಿದೆ ಎಂದು ಬರೆದ ಹತ್ತು ಸಾಲುಗಳಿಗಿಂತ ಹೆಚ್ಚು ಜಗಳಗಳನ್ನು ತಪ್ಪಿಸುತ್ತದೆ. ಫೋನಿನಲ್ಲಿ ಒಪ್ಪಿಕೊಂಡ ಬದಲಾವಣೆಯನ್ನು ಅದೇ ದಿನ ಸಂಜೆ, “ಇಂದು ಮಾತನಾಡಿದಂತೆ” ಎಂದು ಆರಂಭಿಸಿ ಒಂದು ಇಮೇಲ್ ಮಾಡಿ ದಾಖಲಿಸುವ ರೂಢಿಯೂ ಒಳ್ಳೆಯದು.

ಕೆಲಸದ ಒಡೆತನದ ಪ್ರಶ್ನೆ ಮಾತ್ರ ಸ್ವಲ್ಪ ತೊಡಕಿನದು. ನೌಕರರು ಕೆಲಸದ ಭಾಗವಾಗಿ ಬರೆದದ್ದು, ಚಿತ್ರಿಸಿದ್ದು ಸಾಮಾನ್ಯವಾಗಿ ಸಂಸ್ಥೆಯ ಸೊತ್ತು. ಫ್ರೀಲ್ಯಾನ್ಸರ್ ವಿಷಯದಲ್ಲಿ ಹಾಗಿಲ್ಲ. 1886ರ ಬರ್ನ್ ಒಪ್ಪಂದದ ಚೌಕಟ್ಟಿನಲ್ಲಿರುವ ದೇಶಗಳಲ್ಲಿ ಹಕ್ಕುಸ್ವಾಮ್ಯ ಯಾವ ನೋಂದಣಿಯೂ ಇಲ್ಲದೆ ಕೃತಿಯೊಂದಿಗೇ ಹುಟ್ಟುತ್ತದೆ. ಆದರೆ ಹಣ ಕೊಟ್ಟು ಮಾಡಿಸಿದ ಕೃತಿಯ ಮೊದಲ ಒಡೆಯರು ಯಾರೆಂಬುದನ್ನು ಒಂದೊಂದು ದೇಶ ಒಂದೊಂದು ರೀತಿ ತೀರ್ಮಾನಿಸುತ್ತದೆ. ಅಮೆರಿಕದಲ್ಲಿ, ಹೊರಗಿನವರಿಂದ ಮಾಡಿಸಿದ ಕೃತಿ ಕಾನೂನು ಹೆಸರಿಸಿದ ಒಂಬತ್ತು ವರ್ಗಗಳಲ್ಲಿ ಒಂದಕ್ಕೆ ಸೇರಿದ್ದು ಲಿಖಿತ ಒಪ್ಪಂದವೂ ಇದ್ದರೆ ಮಾತ್ರ ಅದು ಮೊದಲಿನಿಂದಲೇ ಮಾಡಿಸಿದವರದೆಂದು ಎಣಿಕೆಯಾಗುತ್ತದೆ. ಭಾರತದ 1957ರ ಕಾಯ್ದೆಯಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕು ತೆಗೆಸಿದವರದು. ಫ್ರೀಲ್ಯಾನ್ಸ್ ಲೇಖಕರು ಬರೆದ ಬರಹದ ಹಕ್ಕು ಬರೆದವರದು. ಹೀಗಿರುವಾಗ ಇಬ್ಬರೂ ತಮ್ಮದೇ ಎಂದು ನಂಬಿಕೊಂಡಿರುವುದು ಅಪರೂಪವಲ್ಲ. ಎರಡೂ ಕಡೆಗೆ ನ್ಯಾಯವಾದ ಒಂದು ವಾಕ್ಯ ಇದೆ: ಪೂರ್ಣ ಸಂಭಾವನೆ ಸಂದಾಯವಾದ ದಿನ ಹಕ್ಕುಗಳು ಗ್ರಾಹಕರಿಗೆ ವರ್ಗವಾಗುತ್ತವೆ. ಬಾಕಿ ಉಳಿಸಿಕೊಂಡವರ ಮುಂದೆ ಈ ವಾಕ್ಯಕ್ಕೆ ಇರುವ ತೂಕ ಹತ್ತು ನೆನಪೋಲೆಗಳಿಗೂ ಇರುವುದಿಲ್ಲ. ಮಾದರಿಯಾಗಿ ತೋರಿಸುವ ಅನುಮತಿಯನ್ನೂ ಅಲ್ಲೇ ಕೇಳಿ ಬರೆಸಿಕೊಳ್ಳಬೇಕು. ಕೆಲಸ ಮುಗಿದ ಎರಡು ವರ್ಷದ ಮೇಲೆ ಕೇಳಲು ಹೋದರೆ ಅಂದು ಒಪ್ಪಿದವರು ಅಲ್ಲಿ ಇರುವುದೇ ಇಲ್ಲ.

ಹಣ ಕೈಗೆ ಬರುವ ತಾರೀಖು

ಒಂದು ಕೆಲಸದ ತಾರೀಖುಗಳನ್ನು ಸಾಲಾಗಿ ನೋಡೋಣ. ಜನವರಿ 10ರಂದು ಕೆಲಸ ಆರಂಭವಾಗುತ್ತದೆ. ಫೆಬ್ರವರಿ 7ಕ್ಕೆ ಕರಡು ತಲುಪುತ್ತದೆ. ತಿದ್ದುಪಡಿ ಮುಗಿದು ಒಪ್ಪಿಗೆ ಸಿಗುವುದು ಫೆಬ್ರವರಿ 21ಕ್ಕೆ. ಅಂದೇ ಬಿಲ್ ಹೋಗುತ್ತದೆ. ಬಿಲ್ಲಿನ ಅವಧಿ 30 ದಿನ, ಅಂದರೆ ಮಾರ್ಚ್ 23. ಆದರೆ ಆ ಸಂಸ್ಥೆಯ ಲೆಕ್ಕ ವಿಭಾಗ ಹಣ ಬಿಡುಗಡೆ ಮಾಡುವುದು ತಿಂಗಳ 15ಕ್ಕೆ ಮತ್ತು ಕೊನೆಯ ದಿನಕ್ಕೆ ಮಾತ್ರ. ಹಾಗಾಗಿ ಖಾತೆಗೆ ಹಣ ಬೀಳುವುದು ಮಾರ್ಚ್ 31ರಂದು. ಯಾರೂ ಒಂದು ದಿನವೂ ತಡಮಾಡದೆ, ಎಲ್ಲರೂ ಮಾತಿಗೆ ತಪ್ಪದೆ ನಡೆದುಕೊಂಡಾಗಲೂ 80 ದಿನಗಳಾದವು. ಮೂರು ತಿಂಗಳ ಮನೆಖರ್ಚಿನಷ್ಟಾದರೂ ಉಳಿತಾಯ ಇಲ್ಲದೆ ನೌಕರಿ ಬಿಡಬಾರದೆಂದು ಅನುಭವಿಗಳು ಹೇಳುವುದರ ಹಿಂದೆ ಇರುವುದು ಈ 80 ದಿನಗಳು. ಮೊದಲ ಕೆಲಸವೇ ಸಿಗಲು ಹಿಡಿಯುವ ಸಮಯ, ಒಬ್ಬರಾದರೂ ತಡಮಾಡುವ ಸಾಧ್ಯತೆ, ಎರಡನ್ನೂ ಸೇರಿಸಿದರೆ ಆರು ತಿಂಗಳು ಎನ್ನುವುದೇ ಹೆಚ್ಚು ಪ್ರಾಮಾಣಿಕವಾದ ಲೆಕ್ಕ.

ಈ ಅಂತರವನ್ನು ಕಿರಿದು ಮಾಡುವ ಮುಖ್ಯ ಸಾಧನ ಮುಂಗಡ. ಒಟ್ಟು ಮೊತ್ತದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಮುಂಗಡ ಕೇಳುವುದು ಅನೇಕ ಕಸುಬುಗಳಲ್ಲಿ ರೂಢಿಯಲ್ಲಿದೆ. ಹೊಸಬರು ಇದನ್ನು ಕೇಳಲು ಸಂಕೋಚಪಡುತ್ತಾರೆ. ಕೇಳಿದರೆ ಗ್ರಾಹಕರು ಕೈತಪ್ಪಿ ಹೋದಾರು ಎಂಬ ಭಯ. ಮುಂಗಡ ಕೊಡಲು ಯಾವ ಸಕಾರಣವೂ ಇಲ್ಲದೆ ನಿರಾಕರಿಸುವ ಹೊಸ ಗ್ರಾಹಕರು ಪೂರ್ತಿ ಬಿಲ್ಲನ್ನು ಹೇಗೆ ಕೊಟ್ಟಾರು ಎಂದು ಒಮ್ಮೆ ಯೋಚಿಸಿದರೆ ಆ ಸಂಕೋಚ ಕಡಿಮೆಯಾಗುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ನಿಯಮವೇ ಮುಂಗಡಕ್ಕೆ ಅಡ್ಡ ಬರಬಹುದು. ಅಲ್ಲಿ ಕೆಲಸವನ್ನು ಮೂರು ನಾಲ್ಕು ಹಂತಗಳಾಗಿ ಒಡೆದು, ಹಂತ ಮುಗಿದಂತೆ ಬಿಲ್ ಕೊಡುವ ಏರ್ಪಾಡು ಅದೇ ಫಲವನ್ನು ಕೊಡುತ್ತದೆ.

ಬಿಲ್ ಅಥವಾ ಇನ್‌ವಾಯ್ಸ್ ಓದುವವರು ನಮ್ಮ ಕೆಲಸವನ್ನು ಮೆಚ್ಚಿದವರಲ್ಲ, ನಮ್ಮನ್ನು ಎಂದೂ ನೋಡದ ಲೆಕ್ಕ ವಿಭಾಗದವರು. ಅವರು ಎತ್ತಿ ಬದಿಗಿಡಲು ಒಂದು ಕಾರಣವನ್ನೂ ಅದು ಕೊಡಬಾರದು. ಕ್ರಮಸಂಖ್ಯೆ, ತಾರೀಖು, ಎರಡೂ ಕಡೆಯ ಪೂರ್ತಿ ಹೆಸರು ಮತ್ತು ವಿಳಾಸ, ಕೇಳಿದಲ್ಲಿ ತೆರಿಗೆ ನೋಂದಣಿ ಸಂಖ್ಯೆ, ಅವರು ಕೊಟ್ಟಿದ್ದರೆ ಖರೀದಿ ಆದೇಶದ ಸಂಖ್ಯೆ, ಕೆಲಸದ ವಿವರ, ಮೊತ್ತ, ಬ್ಯಾಂಕ್ ಖಾತೆಯ ವಿವರ ಇರಬೇಕು. “30 ದಿನಗಳೊಳಗೆ” ಎಂಬುದಕ್ಕಿಂತ “ಮಾರ್ಚ್ 23ರೊಳಗೆ” ಎಂದು ಬರೆಯುವುದು ಮೇಲು, ಏಕೆಂದರೆ 30 ದಿನ ಎಲ್ಲಿಂದ ಎಂಬ ಪ್ರಶ್ನೆಗೆ ಬಿಲ್ ಕಳುಹಿಸಿದ ದಿನ, ಅದು ಅವರ ಮೇಜಿಗೆ ತಲುಪಿದ ದಿನ, ಆ ತಿಂಗಳ ಕೊನೆಯ ದಿನ ಎಂದು ಮೂರು ಉತ್ತರಗಳಿರಲು ಸಾಧ್ಯ.

ತಾರೀಖು ಮೀರಿದರೆ ಮಾರನೆಯ ದಿನವೇ ನೆನಪಿಸಬೇಕು. ಎರಡು ವಾರ ಸುಮ್ಮನಿದ್ದು ಮನಸ್ಸಿನಲ್ಲೇ ಕುದಿದು, ಮೂರನೆಯ ವಾರ ಖಾರವಾಗಿ ಬರೆಯುವುದಕ್ಕಿಂತ, “ಬಿಲ್ ಸಂಖ್ಯೆ 14ರ ಅವಧಿ ನಿನ್ನೆಗೆ ಮುಗಿದಿದೆ. ಪ್ರತಿಯನ್ನು ಮತ್ತೊಮ್ಮೆ ಲಗತ್ತಿಸಿದ್ದೇನೆ. ಯಾವ ದಿನ ಸಂದಾಯವಾಗಬಹುದೆಂದು ತಿಳಿಸಿದರೆ ಅನುಕೂಲವಾಗುತ್ತದೆ” ಎಂಬ ಮೂರು ವಾಕ್ಯಗಳು ಸಾಕು. ಇದರಲ್ಲಿ ಕೊನೆಯ ವಾಕ್ಯವೇ ಮುಖ್ಯ. ಅದು ತಾರೀಖನ್ನು ಕೇಳುತ್ತದೆ. ಬಿಲ್ಲುಗಳು ನಿಂತಿರುವುದಕ್ಕೆ ದುರುದ್ದೇಶಕ್ಕಿಂತ ಯಾರದೋ ರಜೆ, ಯಾರದೋ ಸಹಿ, ಎಲ್ಲೋ ತಪ್ಪಾದ ಒಂದು ಸಂಖ್ಯೆ ಕಾರಣವಾಗಿರುವುದೇ ಹೆಚ್ಚು. ಅದಕ್ಕೂ ಬಗ್ಗದವರಿಗೆ ಕಾನೂನಿನ ಆಸರೆ ಹಲವು ಕಡೆ ಇದೆ. ಬ್ರಿಟನ್ನಿನ 1998ರ ಕಾಯ್ದೆ ತಡವಾದ ವ್ಯಾಪಾರಿ ಬಾಕಿಗೆ ಕೇಂದ್ರ ಬ್ಯಾಂಕಿನ ಮೂಲ ದರದ ಮೇಲೆ 8 ಪ್ರತಿಶತ ಬಡ್ಡಿ ಕೇಳುವ ಹಕ್ಕು ಕೊಡುತ್ತದೆ. ಐರೋಪ್ಯ ಒಕ್ಕೂಟದ 2011ರ ನಿರ್ದೇಶನ, ಸಂಸ್ಥೆಗಳ ನಡುವಿನ ಪಾವತಿಗೆ ಸಾಮಾನ್ಯ ಮಿತಿಯಾಗಿ 60 ದಿನಗಳನ್ನು ಇಡುತ್ತದೆ. ಭಾರತದ 2006ರ ಕಾಯ್ದೆಯಂತೆ, ಸಣ್ಣ ಉದ್ಯಮವಾಗಿ ನೋಂದಾಯಿಸಿಕೊಂಡವರಿಗೆ ಕೊಡಬೇಕಾದ ಹಣವನ್ನು 45 ದಿನಗಳಿಗಿಂತ ಹೆಚ್ಚು ಹಿಡಿದಿಡುವಂತಿಲ್ಲ. ನ್ಯೂಯಾರ್ಕ್ ನಗರದಲ್ಲಿ 2017ರಿಂದ, 800 ಡಾಲರ್ ಅಥವಾ ಹೆಚ್ಚಿನ ಫ್ರೀಲ್ಯಾನ್ಸ್ ಕೆಲಸಕ್ಕೆ ಲಿಖಿತ ಕರಾರು ಕಡ್ಡಾಯ. ತಾರೀಖು ನಮೂದಿಸದಿದ್ದರೆ ಕೆಲಸ ಮುಗಿದ 30 ದಿನಗಳೊಳಗೆ ಹಣ ಕೊಡಬೇಕು. ನ್ಯಾಯಾಲಯದ ಮೆಟ್ಟಿಲು ಹತ್ತುವ ಪ್ರಸಂಗ ಕಡಿಮೆಯೇ. ಆದರೆ ಎರಡನೆಯ ನೆನಪೋಲೆಯಲ್ಲಿ ಸಂಬಂಧಪಟ್ಟ ಕಾಯ್ದೆಯ ಹೆಸರು ಸೌಮ್ಯವಾಗಿ ಕಾಣಿಸಿಕೊಂಡರೆ ಕಡತ ಬೇಗ ಚಲಿಸುವುದುಂಟು.

ಬಂದ ಹಣವೆಲ್ಲ ನಮ್ಮದಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ವೃತ್ತಿಗೆಂದು ಬೇರೆ ಖಾತೆ ತೆರೆದು, ಹಣ ಬಂದ ದಿನವೇ ತೆರಿಗೆಯ ಪಾಲನ್ನು ಇನ್ನೊಂದು ಖಾತೆಗೆ ವರ್ಗಾಯಿಸಿ, ಉಳಿದದ್ದರಿಂದ ಪ್ರತಿ ತಿಂಗಳೂ ಒಂದೇ ಮೊತ್ತವನ್ನು ಸಂಬಳದಂತೆ ಮನೆಯ ಖಾತೆಗೆ ಹಾಕಿಕೊಳ್ಳುವುದು ಸರಳವಾದ ವ್ಯವಸ್ಥೆ. ಒಳ್ಳೆಯ ತಿಂಗಳಲ್ಲಿ ಉಳಿದದ್ದು ಕೆಟ್ಟ ತಿಂಗಳನ್ನು ದಾಟಿಸುತ್ತದೆ.

ಮೊದಲ ಗ್ರಾಹಕರು

ಕೆಲಸ ಎಲ್ಲಿ ಸಿಗುತ್ತದೆ ಎಂಬ ಮೊದಲ ಪ್ರಶ್ನೆಗೆ ಈಗ ಬರಬಹುದು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಉದ್ಯೋಗ ಬದಲಿಸಿದವರನ್ನು ಕುರಿತದ್ದಾದರೂ ಇಲ್ಲಿಗೂ ಹೊಂದುತ್ತದೆ. ಪರಿಚಿತರ ಮೂಲಕ ಕೆಲಸ ಪಡೆದವರಲ್ಲಿ, ಪದೇ ಪದೇ ಭೇಟಿಯಾಗುವವರಿಂದ ಸುಳಿವು ಸಿಕ್ಕಿದ್ದು ಸುಮಾರು 17 ಪ್ರತಿಶತದವರಿಗೆ ಮಾತ್ರ. ಅಪರೂಪಕ್ಕೆ ಭೇಟಿಯಾಗುವವರಿಂದ ಸಿಕ್ಕಿದ್ದು ಸುಮಾರು 28 ಪ್ರತಿಶತದವರಿಗೆ. ಉಳಿದ ಅರ್ಧಕ್ಕೂ ಹೆಚ್ಚು ಮಂದಿಗೆ ನೆರವಾದದ್ದು ಆಗೊಮ್ಮೆ ಈಗೊಮ್ಮೆ ಕಾಣುವ ಪರಿಚಿತರು. ಕಾರಣ ಊಹಿಸಬಹುದಾದದ್ದೇ: ಆಪ್ತರಿಗೆ ಗೊತ್ತಿರುವ ಸುದ್ದಿ ನಮಗೂ ಗೊತ್ತಿರುತ್ತದೆ, ದೂರದವರು ಬೇರೆ ವಲಯದ ಸುದ್ದಿ ತರುತ್ತಾರೆ. ಆದ್ದರಿಂದ ಹಿಂದಿನ ಸಹೋದ್ಯೋಗಿಗಳು, ಬೇರೆ ಸಂಸ್ಥೆಗೆ ಹೋದ ಹಳೆಯ ಮೇಲಧಿಕಾರಿಗಳು, ಒಮ್ಮೆ ಕೆಲಸದ ಮೇಲೆ ಭೇಟಿಯಾದವರು, ಇವರಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ನಾಲ್ಕು ಸಾಲು ಬರೆದು ತಿಳಿಸುವುದು ಆರಂಭದ ವಾರಗಳ ಮುಖ್ಯ ಕೆಲಸವಾಗಬೇಕು. “ಬರವಣಿಗೆಯ ಎಲ್ಲ ಕೆಲಸ ಮಾಡುತ್ತೇನೆ” ಎಂದವರು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. “ವೈದ್ಯಕೀಯ ಉಪಕರಣಗಳ ಬಳಕೆದಾರರ ಕೈಪಿಡಿ ಬರೆಯುತ್ತೇನೆ” ಎಂದವರು, ಆ ಮಾತು ಎಲ್ಲಾದರೂ ಎದ್ದಾಗ ನೆನಪಾಗುತ್ತಾರೆ.

ಅಪ್‌ವರ್ಕ್, ಫೈವರ್‌ನಂಥ ಜಾಲತಾಣಗಳು ಅಪರಿಚಿತರನ್ನು ತಲುಪಿಸುತ್ತವೆ, ಹಣ ವಸೂಲಿಯನ್ನೂ ಸುಲಭ ಮಾಡುತ್ತವೆ. ಪ್ರತಿಯಾಗಿ ಕಮಿಷನ್ ಹಿಡಿಯುತ್ತವೆ. ಫೈವರ್ ಮಾರುವವರ ಗಳಿಕೆಯಲ್ಲಿ 20 ಪ್ರತಿಶತ ತೆಗೆದುಕೊಳ್ಳುತ್ತದೆ. ಅದನ್ನು ದರದ ಲೆಕ್ಕದಲ್ಲಿ ಖರ್ಚೆಂದೇ ಬರೆಯಬೇಕು. ಅಲ್ಲಿ ಗಳಿಸಿದ ಒಳ್ಳೆಯ ವಿಮರ್ಶೆಗಳನ್ನು ಹೊರಗೆ ಕೊಂಡೊಯ್ಯುವಂತಿಲ್ಲವಾದ್ದರಿಂದ ಆರಂಭಕ್ಕೆ ಅವು ಸರಿ, ಅವುಗಳನ್ನೇ ನೆಚ್ಚಿ ಕೂರುವುದು ನನಗೆ ಸರಿ ಕಾಣುವುದಿಲ್ಲ.

ಹೊಸಬರನ್ನೇ ಹುಡುಕಿ ಬರುವ ಮೋಸಗಳಲ್ಲಿ ಮೂರು ಬಹಳ ಹಳೆಯವು. ಕೆಲಸ ಕೊಡುವ ಮೊದಲು ನೋಂದಣಿ ಶುಲ್ಕವೋ ಭದ್ರತಾ ಠೇವಣಿಯೋ ಕೇಳುವುದು ಒಂದು. ಕೆಲಸ ಕೊಡುವವರು ಹಣ ಕೊಡಬೇಕೇ ಹೊರತು ಕೇಳುವಂತಿಲ್ಲ. ಬಿಲ್ಲಿಗಿಂತ ಹೆಚ್ಚಿನ ಮೊತ್ತದ ಚೆಕ್ ಕಳುಹಿಸಿ, ಹೆಚ್ಚಾದದ್ದನ್ನು ಕೂಡಲೇ ಹಿಂತಿರುಗಿಸಿ ಎನ್ನುವುದು ಇನ್ನೊಂದು. ನಾವು ಹಿಂತಿರುಗಿಸಿದ ಹಣ ನಿಜವಾದದ್ದು, ಅವರ ಚೆಕ್ ಕೆಲವು ದಿನಗಳ ಮೇಲೆ ಬೌನ್ಸ್ ಆಗುತ್ತದೆ. ಮೂರನೆಯದು, ಪರೀಕ್ಷೆಯ ಹೆಸರಿನಲ್ಲಿ ಇಡೀ ಕೆಲಸವನ್ನೇ ಪುಕ್ಕಟೆ ಮಾಡಿಸಿಕೊಳ್ಳುವುದು. ಸಣ್ಣ ಮಾದರಿ ಕೇಳುವುದು ತಪ್ಪಲ್ಲ. ಅರ್ಧ ದಿನಕ್ಕಿಂತ ಹೆಚ್ಚು ಹಿಡಿಯುವ ಮಾದರಿಗೆ ಹಣ ಕೇಳುವುದೂ ತಪ್ಪಲ್ಲ.

ಒಬ್ಬರೇ ದೊಡ್ಡ ಗ್ರಾಹಕರು ಸಿಕ್ಕಿ ಎಲ್ಲ ದಿನಗಳೂ ಅವರಿಗೇ ಮೀಸಲಾಗುವುದು ಆರಂಭದಲ್ಲಿ ಅದೃಷ್ಟವೆನಿಸುತ್ತದೆ. ಒಂದು ಇಮೇಲ್‌ನಲ್ಲಿ ಅಷ್ಟೂ ಆದಾಯ ನಿಂತುಹೋಗಬಲ್ಲದು ಎಂಬುದನ್ನು ಮರೆಯಬಾರದು. ಅದಲ್ಲದೆ, ಹೆಸರಿಗೆ ಸ್ವತಂತ್ರ, ವಾಸ್ತವದಲ್ಲಿ ನೌಕರ ಎಂಬ ಸ್ಥಿತಿಯನ್ನು ಪತ್ತೆಹಚ್ಚಲೆಂದೇ ಬ್ರಿಟನ್ 2000ದಲ್ಲಿ, ಕ್ಯಾಲಿಫೋರ್ನಿಯಾ 2020ರಲ್ಲಿ ನಿಯಮಗಳನ್ನು ಜಾರಿಗೆ ತಂದಿವೆ. ಅರ್ಧಕ್ಕಿಂತ ಹೆಚ್ಚು ಆದಾಯ ಒಬ್ಬರಿಂದಲೇ ಬರುತ್ತಿದ್ದರೆ, ವಾರದಲ್ಲಿ ಒಂದು ದಿನವನ್ನು ಬೇರೆಯವರನ್ನು ಹುಡುಕಲು ಮೀಸಲಿಡುವುದು ನನ್ನ ಪಾಲಿಗೆ ಬಿಡಲಾಗದ ನಿಯಮ.

ವರ್ಷ ತುಂಬಿದಾಗ

ಮೊದಲ ವರ್ಷ ಮುಗಿದ ದಿನ ಆರಂಭದಲ್ಲಿ ಹಾಕಿದ ಭಾಗಾಕಾರವನ್ನು ಮತ್ತೆ ಮಾಡಬೇಕು, ಈ ಸಲ ಊಹೆಯ ಸಂಖ್ಯೆಗಳ ಜಾಗದಲ್ಲಿ ನೋಟ್‌ಬುಕ್ಕಿನ ಸಂಖ್ಯೆಗಳನ್ನು ಇಟ್ಟು. ಹೊಸ ದರವನ್ನು ಮೊದಲು ಹೊಸ ಗ್ರಾಹಕರಿಗೆ ಹೇಳುವುದು ಸುಲಭ; ಅವರಿಗೆ ಹಳೆಯ ದರ ಗೊತ್ತಿರುವುದಿಲ್ಲ. ಹಳಬರಿಗೆ ಎರಡು ತಿಂಗಳು ಮುಂಚಿತವಾಗಿ, ಯಾವ ಸಮಜಾಯಿಷಿಯೂ ಇಲ್ಲದೆ, ಇಂಥ ತಾರೀಖಿನಿಂದ ದರ ಇಷ್ಟು ಎಂದು ತಿಳಿಸಿದರೆ ಸಾಕು. ಕೆಲವರು ಬಿಟ್ಟುಹೋಗುತ್ತಾರೆ, ಸಾಮಾನ್ಯವಾಗಿ ಅತಿ ಹೆಚ್ಚು ತಿದ್ದುಪಡಿ ಕೇಳುತ್ತಿದ್ದವರೇ. ಬಿಲ್ ಆಗುವ ದಿನಗಳು 138 ಇರಬಹುದೆಂದು ನಾನೂ ಆರಂಭದಲ್ಲಿ ಬರೆದುಕೊಂಡಿದ್ದೆ. ವರ್ಷದ ಕೊನೆಗೆ ನೋಟ್‌ಬುಕ್ ಕೂಡಿಸಿ ನೋಡಿದಾಗ ಬಂದದ್ದು 97. 1980ನ್ನು 97ರಿಂದ ಭಾಗಿಸಿದರೆ 20.4 ಆಗುತ್ತದೆ, ನಾನು ಆ ವರ್ಷವಿಡೀ ಕೇಳಿದ್ದ ದರ ಅದರ ಅರ್ಧಕ್ಕಿಂತಲೂ ಕಡಿಮೆಯಿತ್ತು.